ಸಂದಿಗೆ ತುರುಕಿದ ರಜಾಯಿ

ಮರಿಗಳು ಬಂದ ದಿನದಿಂದ ಕೋಳಿಯಮ್ಮನ ಮನೆಯಲ್ಲಿ ಯಾರೂ ಬಾಗಿಲನ್ನು ದಡಾರೆಂದು ಹಾಕುವಂತಿರಲಿಲ್ಲ. ಪಾತ್ರೆ ಕುಕ್ಕುವಂತಿರಲಿಲ್ಲ, ಹಿತ್ತಲಲ್ಲಿ ನಿಂತು ಫೋನಿನಲ್ಲಿ ಕೂಗಾಡುವಂತಿರಲಿಲ್ಲ. ಹಳದಿ ಹತ್ತಿಯುಂಡೆಗಳಂಥ ಆ ಮರಿಗಳು ವ್ಯಾನಿನಿಂದಿಳಿದು ಹಿತ್ತಲ ಶೆಡ್ಡು ಸೇರಿದವೆಂದರೆ ಸಾಕು, ಮನೆಗೆ ಬಾಣಂತಿ ಮನೆಯ ಕಳೆ ಬಂದುಬಿಡುತ್ತಿತ್ತು. "ಕೂಸಿರೋ ಮನೆ ಇದು, ಮೆಲ್ಲಗೆ" ಎಂದು ಅವಳು ಮಗನನ್ನೂ ಸೊಸೆಯನ್ನೂ ಗದರುವಳು. ಅವಳಿಗೂ ಒಂದು ಹೆಸರಿತ್ತು. ಆದರೆ ಬೀದಿ ಅವಳನ್ನು ಕೋಳಿಯಮ್ಮ ಎಂದು ಕರೆಯತೊಡಗಿ ಎಷ್ಟು ಕಾಲವಾಗಿತ್ತೆಂದರೆ, ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ, ಇನ್ಯಾರು ಬಂದರೋ ಎಂದು ಅವಳೇ ಹಿಂದಿರುಗಿ ನೋಡುತ್ತಿದ್ದಳು.

ಈ ಸಲದ ಮರಿಗಳಿಗೆ ಹೊಸ ವೈಭೋಗ. ಇಷ್ಟು ವರ್ಷ ಬಲ್ಬಿನ ಶಾಖದಲ್ಲಿ ಬೆಳೆಸಿ, ಕರೆಂಟು ಹೋದಾಗಲೆಲ್ಲ ಜೀವ ಕೈಯಲ್ಲಿ ಹಿಡಿದು ಕೂತು ಸಾಕಾಗಿ, ಮಗ ಗ್ಯಾಸ್ ಹೀಟರುಗಳನ್ನು ತರಿಸಿದ್ದ. ಹಾಕಲು ಬಂದವನನ್ನು ಸುತ್ತಮುತ್ತಲಿನವರೆಲ್ಲ ನೀಲಿ ಮೇಸ್ತ್ರಿ ಎನ್ನುತ್ತಿದ್ದರು. ಯಾಕೆಂದು ಅವನು ಬಾಯಿ ತೆರೆದ ಕೂಡಲೇ ಗೊತ್ತಾಗುತ್ತಿತ್ತು.

"ಉರಿ ನೀಲಿ ಇರ್ಬೇಕಮ್ಮ. ಹಳದಿಗೆ ತಿರುಗ್ತೋ, ಆರಿಸಿ, ನಂಗೊಂದು ಫೋನ್ ಮಾಡಿ. ನೀಲಿ ಅಂದ್ರೆ ಕ್ಷೇಮ, ಹಳದಿ ಅಂದ್ರೆ ಏನೋ ಕೆಟ್ಟಿದೆ ಅಂತ."

ಸಿಲಿಂಡರುಗಳನ್ನು ಶೆಡ್ಡಿನ ಹೊರಗೆ, ಪುಟ್ಟ ತಗಡಿನ ಮಾಡಿನ ಕೆಳಗೆ ನಿಲ್ಲಿಸಿದ. ಇಲಿ ಕಡಿಯದಂತೆ ರಬ್ಬರು ಪೈಪನ್ನು ಕಬ್ಬಿಣದ ಕೊಳವೆಯೊಳಗೆ ತೂರಿಸಿದ. ಛತ್ರಿಯಂಥ ಹೀಟರುಗಳನ್ನು ತೊಲೆಗೆ ಸರಪಳಿ ಹಾಕಿ ತೂಗಿಸಿ, ಅದು ಕಳಚಿದರೆ ಇರಲಿ ಎಂದು ಇನ್ನೊಂದು ಸರಪಳಿ ಬಿಗಿದ. ಆಮೇಲೆ ಸೋಪಿನ ನೊರೆ ಕಲಸಿ, ಪ್ರತಿಯೊಂದು ಜೋಡಣೆಗೂ ಬ್ರಷ್ಷಿನಿಂದ ಬಳಿದು, ಗುಳ್ಳೆ ಏಳುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಇಷ್ಟೂ ಹೊತ್ತು ಅವನ ಬಾಯಿ ನಿಂತಿರಲಿಲ್ಲ. ಕೋಳಿಯಮ್ಮ "ಹೂಂ ಹೂಂ" ಎನ್ನುತ್ತಲೇ, ಇವನ ಹೆಂಡತಿ ದಿನಾ ಇದನ್ನೆಲ್ಲ ಹೇಗೆ ಕೇಳಿಸಿಕೊಳ್ಳುತ್ತಾಳೋ ಎಂದು ಯೋಚಿಸುತ್ತಿದ್ದಳು.

ಹೊರಡುವ ಮುಂಚೆ ಅವನು ಶೆಡ್ಡಿನ ಪಕ್ಕಕ್ಕೆ ಗೋಡೆಯಂತೆ ಇಳಿಬಿಟ್ಟಿದ್ದ ಪರದೆಗಳ ಮೇಲೆ, ಶೆಡ್ಡಿನ ಮಾಡಿನ ಕೆಳಗೆ ಉದ್ದಕ್ಕೂ ಬಿಟ್ಟಿದ್ದ ಸಂದನ್ನು ತೋರಿಸಿದ. "ಇದನ್ನ ಮಾತ್ರ ಯಾವತ್ತೂ ಮುಚ್ಚಬಾರದು."

"ಅಲ್ಲಿಂದ ಚಳಿ ಬರಲ್ವೇನಪ್ಪ?"

"ಚಳಿ ಬರತ್ತೆ. ಅದ್ರ ಜೊತೆಗೆ ಗಾಳೀನೂ ಬರತ್ತೆ. ಹೀಟರೂ ಉಸಿರಾಡತ್ತಮ್ಮ. ನೀವು, ಮರಿ, ಹೀಟರು, ಎಲ್ಲಾ ಒಂದೇ ಗಾಳೀನ ಹಂಚ್ಕೋಬೇಕು."

"ಉಸಿರಾಡೋ ಹೀಟರಂತೆ! ನಾಳೆ ಅದಕ್ಕೆ ಊಟಾನೂ ಹಾಕು ಅಂತೀಯ."

"ಹಾಕ್ತಿದೀರಲ್ಲ, ಹೊರಗೆ ಸಿಲಿಂಡರು ನಿಂತಿದೆ!" ಎಂದು ನಕ್ಕು, ಟೀ ಲೋಟ ಕೆಳಗಿಟ್ಟು ಹೋದ.

ಚಳಿ ಬಂತು. ಬರಿಯ ಚಳಿಯಲ್ಲ, ಗಾಳಿ ಬೆರೆತ ಚಳಿ. ಕೋಳಿಯಮ್ಮ ಸ್ಟೂಲು ಹತ್ತಿ ಆ ಸಂದಿಗೆ ಅಂಗೈ ಒಡ್ಡಿದರೆ ಬೆರಳು ಮರಗಟ್ಟುವಂತಿತ್ತು. ಕೆಳಗೆ ಮರಿಗಳು ಒಂದರ ಮೇಲೊಂದು ಬಿದ್ದು, ಗುಡ್ಡೆಯಾಗಿ, ಕೀಚ್ ಕೀಚ್ ಎಂದು ಗೋಳಾಡುತ್ತಿದ್ದವು. ಅವಳ ಮಗ ಹುಟ್ಟಿದ್ದೂ ಇಂಥದೇ ಚಳಿಯಲ್ಲಿ, ತಿಂಗಳು ತುಂಬುವ ಮೊದಲೇ, ಒಂದು ಕೈಯಲ್ಲಿ ಹಿಡಿಯುವಷ್ಟು. ಇದು ಉಳಿಯುವ ಕೂಸಲ್ಲ ಎಂದವರೇ ಹೆಚ್ಚು. ಅವಳು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಎದೆಗವಚಿಕೊಂಡು, ರಜಾಯಿಯ ಮೇಲೆ ರಜಾಯಿ ಹೊದಿಸಿ ಉಳಿಸಿಕೊಂಡಿದ್ದಳು. ಆ ಕೂಸು ಇವತ್ತು ಟೈರಿನಂಗಡಿಯಲ್ಲಿ ಲಾರಿಯ ಚಕ್ರವನ್ನು ಒಬ್ಬನೇ ಉರುಳಿಸುತ್ತದೆ. ಬದುಕಿನಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ ಎಂದರೆ ಅದೊಂದೇ: ಚಿಕ್ಕ ಜೀವವನ್ನು ಬೆಚ್ಚಗೆ ಮುಚ್ಚಿಡುವುದು.

ಹಾಗಾಗಿ ಮಗ ಕೆಲಸಕ್ಕೂ ಸೊಸೆ ಅಂಗಡಿಗೂ ಹೋಗಿದ್ದಾಗ ಅವಳು ಗೋಣಿಚೀಲಗಳನ್ನು ಮಡಚಿ ಮಡಚಿ ಸಂದಿಗೆ ತುರುಕಿದಳು. ಕದ್ದು ಮಾಡಿದಳೆನ್ನುವಂತಿಲ್ಲ. ಆದರೆ ಯಾರಿಗೂ ಹೇಳಲಿಲ್ಲ ಎನ್ನುವುದೂ ನಿಜ. ಚೀಲ ಸಾಲದೆ ಬಂದಾಗ ಕೊರಳ ದಾರದಲ್ಲಿದ್ದ ಬೀಗದಕೈ ತೆಗೆದು ತನ್ನ ಟ್ರಂಕು ತೆರೆದು, ತಳದಲ್ಲಿದ್ದ ಮಗನ ಕೂಸಿನ ಕಾಲದ ರಜಾಯಿಯನ್ನು ತೆಗೆದಳು. ಅದರ ಮೇಲೆ ಸಾಲಾಗಿ ಬಾತುಕೋಳಿಗಳಿದ್ದವು, ಕೊನೆಯದಕ್ಕೆ ಕೊಕ್ಕೇ ಅಳಿಸಿಹೋಗಿತ್ತು. ಅದನ್ನು ಕೊನೆಯ ಕಿಂಡಿಗೆ ಒತ್ತಿ ಕೂರಿಸಿದಾಗ ಅವಳಿಗೆ ಏನೋ ಒಂದು ಸಮಾಧಾನವಾಯಿತು.

ಸಂಜೆಯ ಹೊತ್ತಿಗೆ ಗೋಳಾಟ ನಿಂತಿತ್ತು. ಮರಿಗಳು ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟಿನ ಮೇಲೆ ಹರಡಿಕೊಂಡು ಕಣ್ಣು ಮುಚ್ಚಿದ್ದವು. ಆಮೇಲಿನ ದಿನಗಳಲ್ಲಿ ಇನ್ನೂ ಶಾಂತವಾದವು. ನೀರಿನ ತಟ್ಟೆಯ ಹತ್ತಿರ ಹೋದ ಮರಿಗಳು ಅಲ್ಲೇ ತೂಕಡಿಸುತ್ತಿದ್ದವು. "ನೋಡು, ಹೆಂಗೆ ನಿದ್ದೆ ಮಾಡ್ತಿವೆ" ಎಂದು ಅವಳು ಹೆಮ್ಮೆಪಟ್ಟಳು. ಹೀಟರಿನ ಉರಿಯೂ ನಿಧಾನವಾಗಿ ಬಣ್ಣ ಬದಲಿಸಿ ಹಳದಿಯಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ಅದೇ ಹಿಡಿಸಿತು. ನೀಲಿ ಉರಿ ನೋಡಿದರೆ ಅವಳಿಗೆ ಚಳಿಯೇ ನೆನಪಾಗುತ್ತಿತ್ತು, ಹಳದಿಯಲ್ಲಿ ಒಲೆಯ ಅಕ್ಕರೆಯಿತ್ತು. ಮೇಸ್ತ್ರಿಯ ಮಾತು ನೆನಪಾಗಲಿಲ್ಲವೆಂದಲ್ಲ. ಅವನು ಅಷ್ಟೊಂದು ಮಾತಾಡಿದ್ದ, ಎಲ್ಲದಕ್ಕೂ ಕಿವಿ ಕೊಡುತ್ತ ಕೂತರೆ ಕೆಲಸ ಸಾಗುತ್ತದೆಯೇ?

ಅದೇ ದಿನಗಳಲ್ಲಿ ಸೊಸೆಗೆ ತಲೆನೋವು ಶುರುವಾಯಿತು.

ಸೊಸೆ ಸುಮ್ಮನೆ ಕೂರುವವಳಲ್ಲ, ಬಂದು ಎರಡು ವರ್ಷವಾದರೂ ಎದುರಾಡಿದವಳಲ್ಲ. ಬೆಳಗಿನ ಹೊತ್ತು ನೀರಿನ ತಟ್ಟೆ ತೊಳೆಯಲು, ಮೇವು ಹಾಕಲು ಶೆಡ್ಡಿಗೆ ಹೋಗುವವಳು ಹಣೆ ಒತ್ತಿಕೊಂಡು ಹೊರಗೆ ಬರತೊಡಗಿದಳು. "ಅತ್ತೆ, ತಲೆ ಸಿಡೀತಿದೆ. ಒಂಥರಾ ವಾಕರಿಕೆ. ಸ್ವಲ್ಪ ಹೊತ್ತು ಮಲಗ್ಲಾ?"

"ಮಲಗವ್ವ, ಮಲಗು. ಶೆಡ್ಡಿನ ಕೆಲಸ ಅಂದಾಗ್ಲೇ ಬರೋ ತಲೆನೋವು. ಹೊರಗೆ ಬಂದು ಟೀ ಕುಡಿದ್ರೆ ಹೋಗೋ ತಲೆನೋವು. ಇಂಥದ್ದು ನಂಗೊಂದೂ ಬರ್ಲಿಲ್ಲ ನೋಡು, ನಮ್ಮತ್ತೆ ಕಾಲದಲ್ಲಿ."

ಸೊಸೆ ಮಲಗಲಿಲ್ಲ. ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋದಳು.

ಮನೆಯೊಳಗೆ ಅಂದದ್ದು ಮನೆಯೊಳಗೇ ಉಳಿದಿದ್ದರೆ ಒಂದು ಮಾತು. ಬೀದಿಯ ತಿರುವಿನಲ್ಲಿ ಟೈಲರಮ್ಮನ ಅಂಗಡಿ. ಹೊಲಿಸಲು ಏನೂ ಇಲ್ಲದಿದ್ದರೂ ಹೆಂಗಸರು ಅಲ್ಲಿ ಹೋಗಿ ಕೂರುತ್ತಿದ್ದರು. ಅಲ್ಲಿ ಬಿದ್ದ ಮಾತಿಗೆ ಸಂಜೆಯೊಳಗೆ ಕಾಲು ಬರುತ್ತಿತ್ತು. ಕೋಳಿಯಮ್ಮ ಅಲ್ಲಿ ಕೂತು, ಸೊಸೆಯಂತೆ ಹಣೆಗೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ, "ಅತ್ತೇ... ತಲೇ..." ಎಂದು ರಾಗ ಎಳೆದು ತೋರಿಸಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೈಗಳ್ಳಿ ಕಣೇ ನಮ್ಮ ಮಹಾರಾಣಿ" ಎಂದಳು. ನಗಿಸುವ ಸುಖ ಅವಳಿಗೆ ಅಪರೂಪ. ಅದರ ರುಚಿ ಹತ್ತಿ ಮಾರನೆಯ ದಿನವೂ ತೋರಿಸಿದಳು.

ಒಂದನ್ನು ಮಾತ್ರ ಅವಳು ಅಲ್ಲಿ ಹೇಳಲಿಲ್ಲ. ಅವಳಿಗೂ ತಲೆನೋಯುತ್ತಿತ್ತು. ಶೆಡ್ಡಿನೊಳಗೆ ಸ್ವಲ್ಪ ಹೊತ್ತು ಕೂತು ಎದ್ದರೆ ಕಣ್ಣು ಮಂಜಾಗಿ, ಮೊಣಕಾಲು ಸೋತು, ಹೊರಗಿನ ನೀರಿನ ಪಂಪನ್ನು ಹಿಡಿದು ನಿಲ್ಲಬೇಕಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡಳು. ವಯಸ್ಸಾಯಿತೆಂದು ತಿಳಿದರೆ ಶೆಡ್ಡಿನ ಯಜಮಾನಿಕೆ ಸೊಸೆಯ ಕೈಸೇರುತ್ತದೆ ಎಂದೂ ಅಂದುಕೊಂಡಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಚಳಿಗೆ ಎಂದು ಹೇಳಿದಳು.

ಅವತ್ತು ಟೈಲರಮ್ಮನ ಅಂಗಡಿಯಿಂದ ನಗು ಇನ್ನೂ ಬಾಯಲ್ಲಿರುವಾಗಲೇ ಮನೆಗೆ ಬಂದಳು. ಅಡುಗೆಮನೆಯಲ್ಲಿ ಸೊಸೆ ಇರಲಿಲ್ಲ. ಶೆಡ್ಡಿನ ಬಾಗಿಲು ತೆರೆದು ನೋಡಿದರೆ, ಅವಳು ಹೊಟ್ಟಿನ ಮೇಲೆ ಪಕ್ಕಕ್ಕೆ ಒರಗಿ ಮಲಗಿದ್ದಾಳೆ. ಕೈಯಲ್ಲಿನ ನೀರಿನ ತಟ್ಟೆ ಉರುಳಿದೆ. ಚಾಚಿದ ಅಂಗೈಯಲ್ಲಿ ಎರಡು ಮರಿ ತೂಕಡಿಸುತ್ತಿವೆ. ಎಲ್ಲೂ ಒಂದು ಕೀಚ್ ಎಂಬ ಸದ್ದಿಲ್ಲ.

"ಎದ್ದೇಳೇ, ಸಾಕು ನಾಟಕ" ಎಂದಳು ಕೋಳಿಯಮ್ಮ.

ಸೊಸೆ ಏಳಲಿಲ್ಲ. ಕೋಳಿಯಮ್ಮ ಬಾಗಿಲಲ್ಲೇ ನಿಂತು ಇನ್ನೊಮ್ಮೆ, ಇನ್ನೂ ಜೋರಾಗಿ ಅದನ್ನೇ ಅಂದಳು. ಆಮೇಲೆ ಹತ್ತಿರ ಹೋಗಿ ಭುಜ ಅಲುಗಿಸಿದರೆ ತಲೆ ಅತ್ತ ವಾಲಿತು.

ಕಂಕುಳಿಗೆ ಕೈಹಾಕಿ ಎಳೆದಳು. ಹೊಟ್ಟಿನ ಮೇಲೆ ಎರಡು ಹಿಮ್ಮಡಿಗಳ ಗೆರೆ ಮೂಡುತ್ತ ಬಂತು. ಹೊರಗಿನ ತಣ್ಣನೆಯ ಗಾಳಿಯಲ್ಲಿ ಪಂಪಿನ ಪಕ್ಕ ಮಲಗಿಸಿ, ಬಾಯಿಗೆ ಬಂದಂತೆ ಕೂಗಿದಳು. ಮೆಲ್ಲಗೆ ಎಂದು ಯಾರೂ ಹೇಳಲಿಲ್ಲ. ಟೈರಿನಂಗಡಿಯಿಂದ ಮಗ ಓಡಿಬರುವ ಹೊತ್ತಿಗೆ ಸೊಸೆ ವಾಂತಿ ಮಾಡಿ, ಕಣ್ಣು ತೆರೆದು, "ತಟ್ಟೆ ತೊಳೀತಿದ್ದೆ ಅತ್ತೆ, ಮಲಗಿರಲಿಲ್ಲ" ಎಂದಳು.

ಆಸ್ಪತ್ರೆಯಲ್ಲಿ ಅವಳ ಮೂಗು ಬಾಯಿ ಮುಚ್ಚುವಂತೆ ಮುಖವಾಡ ಹಾಕಿ ಆಕ್ಸಿಜನ್ ಕೊಟ್ಟರು. ಡಾಕ್ಟರಮ್ಮ ಎಲ್ಲಿ ಬಿದ್ದಳು, ಏನು ಉರಿಯುತ್ತಿತ್ತು ಎಂದು ವಿಚಾರಿಸಿದಳು. "ಗಾಳಿ ಆಡದ ಕಡೆ ಹೀಟರು ಉರಿದ್ರೆ ವಿಷಗಾಳಿ ಆಗತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಇನ್ನು ಸ್ವಲ್ಪ ಹೊತ್ತು ಒಳಗೇ ಇದ್ದಿದ್ರೆ ಈ ಹುಡುಗಿ ಸಿಗ್ತಿರ್ಲಿಲ್ಲ." ಬರೆದುಕೊಳ್ಳುತ್ತಲೇ ಕೇಳಿದಳು: "ಮನೇಲಿ ಇನ್ಯಾರಿಗಾದ್ರೂ ತಲೆನೋವು, ವಾಕರಿಕೆ ಇತ್ತಾ?"

"ಇಲ್ಲ" ಎಂದ ಮಗ. "ಅಮ್ಮನೂ ಅಲ್ಲೇ ಕೆಲಸ ಮಾಡೋದು, ಅವಳಿಗೇನಿಲ್ಲ."

ಕೋಳಿಯಮ್ಮನ ಬಾಯಿಯವರೆಗೆ ಬಂದ ಮಾತು ಅಲ್ಲೇ ಒಣಗಿತು. ಮುಖವಾಡದ ಮೇಲಿನಿಂದ ಸೊಸೆಯ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಕೋಳಿಯಮ್ಮ ಬೆಂಚಿನ ಅಂಚಿನಲ್ಲಿ ಕೂತು ತನ್ನ ಕಾಲಿಗೆ ಅಂಟಿದ್ದ ಹೊಟ್ಟನ್ನು ಒಂದೊಂದಾಗಿ ಕೀಳುತ್ತಿದ್ದಳು.

ಮಾರನೆಯ ದಿನ ಸೊಸೆ ಮನೆಗೆ ಬಂದಳು. ಹೀಟರುಗಳನ್ನು ಆರಿಸಿ ಮರಿಗಳನ್ನು ಮತ್ತೆ ಬಲ್ಬಿನ ಕೆಳಗೆ ಬಿಟ್ಟಿದ್ದರು, ಕೆಲವು ಸತ್ತಿದ್ದವು. ಮಗ ಮೇಸ್ತ್ರಿಯನ್ನು ಕರೆಸಿ, ಅವನು ಸೈಕಲ್ ನಿಲ್ಲಿಸುವ ಮುಂಚೆಯೇ ಹರಿಹಾಯ್ದ. "ಏನಯ್ಯಾ ಹಾಕಿಟ್ಟು ಹೋದೆ? ನನ್ನ ಹೆಂಡ್ತಿ ಹೆಣ ಆಗೋದು ಸ್ವಲ್ಪದ್ರಲ್ಲಿ ತಪ್ತು! ನಾಲ್ಕೂರಿಗೆ ಹೇಳ್ತೀನಿ, ನಿನ್ನ ಕೈಲಿ ಯಾರೂ ಒಂದು ಒಲೇನೂ ಹಾಕಿಸ್ಕೋಬಾರ್ದು!"

ಮೇಸ್ತ್ರಿಯ ಮುಖ ಬಿಳಿಚಿತು. "ನೋಡ್ತೀನಣ್ಣ, ಮೊದ್ಲು ನೋಡ್ತೀನಿ" ಎಂದು ಸೋಪಿನ ಡಬ್ಬಿ ಹಿಡಿದು ಒಳಗೆ ಹೋದ. ಪ್ರತಿ ಜೋಡಣೆಗೂ ನೊರೆ ಬಳಿದ. ಗುಳ್ಳೆ ಏಳಲಿಲ್ಲ. ಹೀಟರಿನ ಗಾಳಿಕಿಂಡಿಗೆ ಬ್ರಷ್ಷು ಹಾಕಿದರೆ ಹೊಟ್ಟಿನ ದೂಳು, ಪುಕ್ಕದ ನವಿರು ಮುದ್ದೆಮುದ್ದೆಯಾಗಿ ಬಂತು. "ಇಷ್ಟು ಬೇಗ ಹೆಂಗೆ ಕಟ್ಕೊಳ್ತು?" ಎಂದು ಗೊಣಗುತ್ತ ಮೇಲೆ ನೋಡಿದ. ಸ್ಟೂಲು ಎಳೆದುಕೊಂಡ. ಒಂದೊಂದೇ ಗೋಣಿಚೀಲ ಕೆಳಗೆ ಬೀಳತೊಡಗಿತು. ಕೊನೆಯ ಕಿಂಡಿಗೆ ಕೈಹಾಕಿ ಜಗ್ಗಿದಾಗ ಬಾತುಕೋಳಿಗಳ ರಜಾಯಿ ಬಿಚ್ಚಿಕೊಂಡು ಬಂದು ಮಗನ ಪಾದದ ಮೇಲೆ ಬಿತ್ತು.

"ನಾನೇ ಹಾಕಿದ್ದು" ಎಂಬ ದನಿ ಬಾಗಿಲಿನಿಂದ ಬಂತು. ಸೊಸೆ ಕಂಬಳಿ ಹೊದ್ದು ಹೊಸ್ತಿಲ ಹೊರಗೆ ನಿಂತಿದ್ದಳು. "ಮರಿಗಳಿಗೆ ಚಳಿ ಆಗ್ತಿತ್ತು ಅಂತ."

ಮಗ ಬಗ್ಗಿ ರಜಾಯಿ ಎತ್ತಿಕೊಂಡ. ಕೊಕ್ಕಿಲ್ಲದ ಬಾತುಕೋಳಿಯ ಮೇಲೆ ಹೆಬ್ಬೆರಳು ಆಡಿಸಿದ. ಈ ರಜಾಯಿ ಎಲ್ಲಿರುತ್ತದೆ, ಆ ಟ್ರಂಕಿನ ಬೀಗದಕೈ ಯಾರ ಕೊರಳಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತು. ಸೊಸೆಗೆ ಗೊತ್ತು. ಮೇಸ್ತ್ರಿ ಏನು ಊಹಿಸಿದನೋ, ಹೀಟರಿನ ಕಡೆ ತಿರುಗಿಕೊಂಡು, ಆಗಲೇ ಉಜ್ಜಿದ್ದನ್ನು ಮತ್ತೆ ಉಜ್ಜತೊಡಗಿದ.

ಕೋಳಿಯಮ್ಮನ ಕೈ ತಾನಾಗಿ ಕೊರಳಿಗೆ ಹೋಗಿ ಬೀಗದಕೈಯನ್ನು ಮುಚ್ಚಿಕೊಂಡಿತು. ಸೊಸೆ ತಾನಾಗಿ ಕೊಟ್ಟ ಮುಸುಕು ಅದು. ಸುಮ್ಮನಿದ್ದುಬಿಟ್ಟರೆ ಆಯಿತು, ಎಲ್ಲರೂ ನಂಬಿದಂತೆ ಮಾಡಿಯಾರು. ಒಂದು ಉಸಿರಿನಷ್ಟು ಹೊತ್ತು ಅವಳು ನಿಜವಾಗಿಯೂ ಸುಮ್ಮನಿದ್ದಳು. ಆ ಒಂದು ಉಸಿರನ್ನು ಆಮೇಲೆ ಅವಳು ಎಷ್ಟು ಸಲ ನೆನೆದು ಹಣೆ ಚಚ್ಚಿಕೊಂಡಳೋ.

"ಅವಳಲ್ಲ" ಎಂದಳು. "ನಾನು ತುರುಕಿದ್ದು. ಮೇಸ್ತ್ರಿ ಬೇಡ ಅಂದಿದ್ದ. ಉರಿ ಹಳದಿ ಆಗಿದ್ದೂ ನೋಡಿದೆ. ಅವನನ್ನ ಬೈಬೇಡ."

ಮಗ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಅವನು ರಜಾಯಿಯನ್ನು ನಾಲ್ಕು ಮಡಿಕೆ ಮಾಡಿ, ಅವಳ ಕೈಗೂ ಕೊಡದೆ, ಸ್ಟೂಲಿನ ಮೇಲಿಟ್ಟ. ಮೇಸ್ತ್ರಿಯ ಹತ್ತಿರ ಹೋಗಿ "ತಪ್ಪು ತಿಳ್ಕೋಬೇಡ" ಎಂದ. ಹೆಂಡತಿಯ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ. ಅಮ್ಮನ ಕಡೆ ತಿರುಗಲಿಲ್ಲ.

ಮೇಸ್ತ್ರಿ ಹೀಟರುಗಳನ್ನೆಲ್ಲ ಸ್ವಚ್ಛ ಮಾಡಿ ಹಚ್ಚಿದ. ಉರಿ ನೀಲಿಯಾಗಿ ನಿಂತಿತು. "ವಾರಕ್ಕೊಂದ್ಸಲ ಆರಿಸಿ, ತಣ್ಣಗಾದ್ಮೇಲೆ ಹಿಂಗೆ ಬ್ರಷ್ ಹಾಕ್ಬೇಕಮ್ಮ" ಎಂದ, ಮುಂಚಿನ ಹರಟೆಯಿಲ್ಲದೆ. ಗಾಳಿ ಕೆಟ್ಟರೆ ಕೂಗಿಕೊಳ್ಳುವ ಪುಟ್ಟ ಡಬ್ಬಿಯೊಂದನ್ನು ಕಂಬಕ್ಕೆ ಮೊಳೆ ಹೊಡೆದು ಕೂರಿಸಿದ. ಕೊನೆಗೆ ಸಂದಿನ ಉದ್ದಕ್ಕೂ ತಂತಿಯ ಜಾಲರಿ ಬಿಗಿದು, ಅವಳ ಮುಖ ನೋಡದೆ, "ಇನ್ನು ಏನೂ ತುರುಕೋಕಾಗಲ್ಲ" ಎಂದ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಕೈಗೆಟುಕದಂತೆ ಕಿಟಕಿಗೆ ಬಿಗಿಯುತ್ತಾರಲ್ಲ, ಹಾಗೆಯೇ ಇತ್ತು ಅದು.

ಸಂಜೆ ಸೊಸೆ ಹಾಸಿಗೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಕೋಳಿಯಮ್ಮ ಗಂಜಿಯ ಬಟ್ಟಲು ತಂದು, ಕೊಟ್ಟು, ಹೋಗದೆ ನಿಂತಳು. ಸಂದಿನ ಮಾತು ಹೇಳುವುದು ಸುಲಭವಿತ್ತು, ರಜಾಯಿಯೇ ಹೇಳಿಬಿಟ್ಟಿತ್ತು. ಇದನ್ನು ಹೇಳಲು ಯಾವ ರಜಾಯಿಯೂ ಇರಲಿಲ್ಲ.

"ನಂಗೂ ತಲೆ ನೋಯ್ತಿತ್ತು" ಎಂದಳು.

"ಗೊತ್ತು ಅತ್ತೆ."

"ಹೆಂಗೆ?"

"ಪಂಪು ಹಿಡ್ಕೊಂಡು ನಿಂತಿರ್ತಿದ್ರಲ್ಲ. ಅಡುಗೆಮನೆ ಕಿಟಕಿಯಿಂದ ಕಾಣತ್ತೆ." ಸೊಸೆ ಬಟ್ಟಲಿನಲ್ಲಿ ಚಮಚ ಆಡಿಸಿದಳು. "ನಂದು ನಿಜವಾದ ತಲೆನೋವೋ, ಸುಳ್ಳೋ ಅಂತ ಇಡೀ ಬೀದೀಲಿ ನಿಮಗೊಬ್ರಿಗೇ ಗೊತ್ತಿತ್ತು."

ದನಿಯಲ್ಲಿ ಕೋಪವಿದ್ದಿದ್ದರೆ ಕೋಳಿಯಮ್ಮ ಎದುರು ನಿಲ್ಲುತ್ತಿದ್ದಳು. ಇರಲಿಲ್ಲ. ಅವಳು ಹಾಸಿಗೆಯ ಅಂಚಿನಲ್ಲಿ ಕುಸಿದಳು. "ಮತ್ಯಾಕೆ ನೀನೇ ಹಾಕಿದ್ದು ಅಂದೆ, ಅವರ ಮುಂದೆ?"

"ಇಲ್ದಿದ್ರೆ ಮೇಸ್ತ್ರಿ ಎದುರಿಗೆ ಇವರು ನಿಮ್ಮನ್ನ ಬೈತಿದ್ರು. ನಾಲ್ಕು ಜನರೆದುರಿಗೆ ಮರ್ಯಾದೆ ಕಳ್ಕೊಳ್ಳೋದು ಹೆಂಗಿರತ್ತೆ ಅಂತ ನಂಗೆ ಗೊತ್ತು." ಬಟ್ಟಲನ್ನು ಪಕ್ಕಕ್ಕಿಟ್ಟಳು. "ಟೈಲರಮ್ಮನ ಅಂಗಡೀಲಿ ಬ್ಲೌಸಿಗೆ ಅಳತೆ ಕೊಡೋಕೆ ಹೋದ್ರೆ, ಅಳತೆ ತಗೊಳ್ತಾನೇ ಅವರು ಹಣೆಗೆ ಕೈಯಿಟ್ಟು 'ಅತ್ತೇ, ತಲೇ' ಅಂದ್ರು. ನಾನೂ ನಕ್ಕೆ. ಇನ್ನೇನು ಮಾಡ್ಲಿ."

ಮಾರನೆಯ ಬೆಳಗ್ಗೆ ಶೆಡ್ಡಿನ ಕೆಲಸ ಮುಗಿದ ಮೇಲೆ ಬಟ್ಟೆ ಬದಲಿಸುವಷ್ಟೂ ತಡಮಾಡದೆ ಕೋಳಿಯಮ್ಮ ಬೀದಿಗಿಳಿದಳು. ಬದಲಿಸಲು ನಿಂತರೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಗಡಿಯಲ್ಲಿ ಮಿಷನ್ನು ಓಡುತ್ತಿತ್ತು, ಬೆಂಚಿನ ಮೇಲೆ ಇಬ್ಬರು ಹೆಂಗಸರಿದ್ದರು.

"ಬಾ ಅಕ್ಕಾ, ಬಾ!" ಎಂದಳು ಟೈಲರಮ್ಮ. "ಹೆಂಗಿದಾಳೆ ನಿನ್ ಮಹಾರಾಣಿ? ಈ ಸಲದ ನಾಟಕ ಆಸ್ಪತ್ರೆ ಮುಟ್ತಂತೆ?" ಎಂದು ಹಣೆಗೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿದಳು. ಬೆಂಚಿನ ಮೇಲಿನವರು ಕಿಸಕ್ಕೆಂದರು.

ತಾನು ಕಲಿಸಿದ ಆಟ. ಕೈಯಿಟ್ಟ ರೀತಿಯೂ ತನ್ನದೇ. ಕೋಳಿಯಮ್ಮನ ಕಿವಿ ಕಾದ ಹೆಂಚಿನಂತಾಯಿತು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡೋಣ ಎನ್ನಿಸಿತು.

"ನಾಟಕ ಅಲ್ಲ" ಎಂದಳು. ದನಿ ಮಿಷನ್ನಿನ ಸದ್ದಿನಲ್ಲಿ ಮುಳುಗಿತು. ಜೋರಾಗಿ ಇನ್ನೊಮ್ಮೆ ಹೇಳಿದಳು. "ನಾಟಕ ಅಲ್ಲ ಕಣೇ. ಶೆಡ್ಡಿನ ಸಂದು ನಾನು ಮುಚ್ಚಿದ್ದೆ. ಒಳಗೆ ವಿಷಗಾಳಿ ತುಂಬ್ತು. ಅವಳಿಗೆ ತಲೆನೋವು ಬಂದಿದ್ದು ಅದ್ರಿಂದ. ನಂಗೂ ಬರ್ತಿತ್ತು. ನಂಗೂ ಬರ್ತಿದ್ದಾಗ್ಲೇ ಇಲ್ಲಿ ಕೂತು ಅವಳನ್ನ ಮೈಗಳ್ಳಿ ಅಂದೆ. ಬಿದ್ದವಳನ್ನ ಮುಟ್ಟೋಕೆ ಮುಂಚೆನೂ ನಾಟಕ ಅಂದೆ, ಎರಡು ಸಲ."

ಮಿಷನ್ನು ನಿಂತಿತು. ಟೈಲರಮ್ಮನ ಕೈ ಹಣೆಯಿಂದ ಇಳಿದು, ಎಲ್ಲಿಡಬೇಕೆಂದು ತೋಚದೆ ಮೊಣಕಾಲಿನ ಬಟ್ಟೆಯನ್ನು ನೀವಿತು. "ಹೋಗ್ಲಿ ಬಿಡಕ್ಕಾ. ಮನೆ ಮಾತು."

"ಮನೆ ಮಾತನ್ನ ಇಲ್ಲಿಗೆ ತಂದವಳು ನಾನೇ ಅಲ್ವಾ. ವಾಪಸ್ ತಗೊಂಡ್ಹೋಗೋಕೆ ಬಂದೆ."

ಬೆಂಚಿನವರಲ್ಲಿ ಒಬ್ಬಳು ಕೂರಲು ಜಾಗ ಬಿಟ್ಟು ಸರಿದಳು. ಕೋಳಿಯಮ್ಮ ಕೂರಲಿಲ್ಲ. ಬೀದಿ ಇಷ್ಟು ಉದ್ದವಿತ್ತೆಂದು ಅವಳಿಗೆ ಇವತ್ತೇ ಗೊತ್ತಾದದ್ದು. ಅವಳು ಹೊರಗೆ ಬಂದ ಮೇಲೂ ಮಿಷನ್ನಿನ ಸದ್ದು ಬಹಳ ಹೊತ್ತು ಕೇಳಲಿಲ್ಲ.

ಶೆಡ್ಡಿನಲ್ಲಿ ಮರಿಗಳು ಕಿವಿ ಕಿತ್ತುಹೋಗುವಂತೆ ಗಲಾಟೆ ಮಾಡುತ್ತಿದ್ದವು. ನೀರಿಗೆ ಓಡುವವು, ಮೇವಿಗೆ ಓಡುವವು, ಒಂದರ ಕಾಲನ್ನು ಇನ್ನೊಂದು ತುಳಿದು ಜಗಳಕ್ಕೆ ನಿಲ್ಲುವವು. ಅವಳು ಹೀಟರನ್ನು ಸರಪಳಿಯ ಒಂದು ಕೊಂಡಿಯಷ್ಟು ಕೆಳಗಿಳಿಸಿ, ಉರಿ ನೀಲಿ ಇದೆಯೋ ಎಂದು ಬಗ್ಗಿ ನೋಡಿದಳು. ಜಾಲರಿಯಿಂದ ಬಂದ ತಣ್ಣನೆಯ ಗಾಳಿ ಕತ್ತಿನ ಹಿಂಭಾಗಕ್ಕೆ ತಾಗಿ ಮೈ ಜುಮ್ಮೆಂದಿತು. ಕೈ ಅಭ್ಯಾಸದಿಂದ ಮೇಲೆ ಹೋಯಿತು. ಅವಳು ಅದನ್ನು ಇಳಿಸಿದಳು.

ಹೊರಗೆ ಅಡುಗೆಮನೆಯಲ್ಲಿ ಸೊಸೆ ಎದ್ದು ಓಡಾಡುತ್ತಿದ್ದಳು. ಒಂದು ದೊಡ್ಡ ಪಾತ್ರೆ ಕಟ್ಟೆಯ ಮೇಲೆ ಢಣ್ ಎಂದು ಕುಕ್ಕಿದ ಸದ್ದು ಹಿತ್ತಲಿನವರೆಗೂ ಬಂತು. ಕೈಜಾರಿತೋ, ಬೇಕೆಂದೇ ಕುಕ್ಕಿದಳೋ. ಮರಿಗಳು ಒಮ್ಮೆ ಬೆಚ್ಚಿ, ಮತ್ತೆ ಗಲಾಟೆಗಿಳಿದವು.

ಕೋಳಿಯಮ್ಮ ಮೆಲ್ಲಗೆ ಎನ್ನಲಿಲ್ಲ. ಇನ್ನೊಂದು ಪಾತ್ರೆಯ ಸದ್ದಿಗಾಗಿ ಕಾಯುವವಳಂತೆ, ತಲೆ ತಗ್ಗಿಸಿ, ನೀರಿನ ತಟ್ಟೆ ತೊಳೆಯುತ್ತ ಕೂತಳು.